ಆದಿವಾಸಿಗಳು ಹಾಗೂ ನಿರಾಶ್ರಿತರು ಎದುರಿಸುವ ತಾರತಮ್ಯ: ಕಾನೂನು ರಕ್ಷಣೆ ಮತ್ತು ಪರಿಹಾರ ಮಾರ್ಗಗಳು

(ಪುಲಿಕೇಶಿನಗರ ಹಾಗೂ ಬೆಂಗಳೂರು ಪೂರ್ವ ಭಾಗದ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಪುಲಿಕೇಶಿನಗರವು ಬೆಂಗಳೂರು ದಂಡು ಪ್ರದೇಶದ ಹಳೆಯ ಬಡಾವಣೆಗಳಲ್ಲಿ ಒಂದಾಗಿರುತ್ತದೆ. 1898ರ ಪ್ಲೇಗ್ ಪಿಡುಗಿನ ತರುವಾಯ, ಇಕ್ಕಟ್ಟಾದ ಕೇರಿಗಳಲ್ಲಿದ್ದ ಜನರಿಗೆ ಗಾಳಿ ಬೆಳಕಿನ ವಸತಿ ಕಲ್ಪಿಸುವ ಸಲುವಾಗಿ 20ನೇ ಶತಮಾನದ ಮೊದಲ ದಶಕದಲ್ಲಿ ಈ ಬಡಾವಣೆಯನ್ನು ರೂಪಿಸಲಾಯಿತು. ಆಗಿನ ಬ್ರಿಟಿಷ್ ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಅವರ ಹೆಸರಿನಿಂದ ಫ್ರೇಜರ್ ಟೌನ್ ಎಂದು ಕರೆಯಲ್ಪಡುತ್ತಿದ್ದ ಈ ಬಡಾವಣೆಗೆ ಮುಂದೆ ಬಾದಾಮಿ ಚಾಲುಕ್ಯ ದೊರೆ ಪುಲಿಕೇಶಿಯ ಹೆಸರನ್ನು ಇಡಲಾಯಿತು. ದೂರದ ಊರುಗಳಿಂದ ಬಂದು ನೆಲೆಸಿದವರಿಂದಲೇ ದಂಡು ಪ್ರದೇಶವು ಬೆಳೆದಿದೆ. ಇಂದಿಗೂ ಇಲ್ಲಿ ಮತ್ತು ಸುತ್ತಲಿನ ಲಿಂಗರಾಜಪುರ, ಕಮ್ಮನಹಳ್ಳಿ, ಕೊತ್ತನೂರು ಭಾಗಗಳಲ್ಲಿ ಈಶಾನ್ಯ ರಾಜ್ಯಗಳ ಬುಡಕಟ್ಟು ಸಮುದಾಯಗಳಿಗೆ ಸೇರಿದ ವಿದ್ಯಾರ್ಥಿಗಳು ಹಾಗೂ ನೌಕರರು ಮತ್ತು ಅನ್ಯ ದೇಶಗಳಿಂದ ಬಂದವರು ವಾಸವಾಗಿರುತ್ತಾರೆ.

ಇಂತಹವರಿಗೆ ಆಗುವ ಅನ್ಯಾಯವು ಯಾವಾಗಲೂ ಬೈಗುಳದ ಅಥವಾ ಹೊಡೆತದ ರೂಪದಲ್ಲಿ ಇರುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಅದು ಕಚೇರಿಯ ಕಿಟಕಿಯ ಬಳಿ, "ಈ ಕಾಗದ ಸಾಲದು, ನಾಳೆ ಬನ್ನಿ" ಎಂಬ ಬಾಯಿಮಾತಿನ ಉತ್ತರವಾಗಿ ಎದುರಾಗುತ್ತದೆ. ಯಾವ ಅಧಿಕಾರಿಗೂ ವೈಯಕ್ತಿಕ ದ್ವೇಷವಿಲ್ಲದಿದ್ದರೂ, ನಿಯಮ, ನಮೂನೆ ಮತ್ತು ರೂಢಿಗಳು ಒಂದು ಸಮುದಾಯದವರನ್ನು ಮತ್ತೆ ಮತ್ತೆ ಹೊರಗಿಡುವಂತಿದ್ದರೆ ಅದನ್ನು ವ್ಯವಸ್ಥೆಯೊಳಗಿನ ತಾರತಮ್ಯವೆಂದು ಕರೆಯಲಾಗುತ್ತದೆ. ತಲೆಮಾರುಗಳಿಂದ ಕಾಡಿನಲ್ಲಿ ಬಾಳಿದ ಆದಿವಾಸಿಯ ಬಳಿ ಪಹಣಿ ಇರುವುದಿಲ್ಲ. ಊರು ತೊರೆದು ಬಂದ ನಿರಾಶ್ರಿತನ ಬಳಿ ಪಾಸ್‌ಪೋರ್ಟ್ ಇರುವುದಿಲ್ಲ. ಇಬ್ಬರ ಕಥೆಯೂ ಬೇರೆಯಾದರೂ ಇಬ್ಬರನ್ನೂ ತಡೆಯುವುದು ಇಲ್ಲದ ಕಾಗದವೇ. ಆದರೆ ಕಾಗದವಿಲ್ಲವೆಂಬ ಕಾರಣಕ್ಕೆ ಕಾನೂನಿನ ರಕ್ಷಣೆಯು ಇಲ್ಲವಾಗುವುದಿಲ್ಲ. ಕರ್ನಾಟಕದ ನ್ಯಾಯಾಲಯಗಳಲ್ಲಿ ಹಾಗೂ ಸರ್ವೋಚ್ಚ ನ್ಯಾಯಾಲಯದಲ್ಲಿ ಈ ತತ್ವವು ಹೇಗೆ ಸ್ಥಾಪಿತವಾಗಿದೆ, ಅದರ ಮಿತಿಗಳೇನು, ನೊಂದವರು ಯಾವ ಪ್ರಾಧಿಕಾರವನ್ನು ಸಂಪರ್ಕಿಸಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2. "ನಾಗರಿಕ" ಮತ್ತು "ವ್ಯಕ್ತಿ": ಸಂವಿಧಾನದ ಎರಡು ಪದಗಳು

ಭಾರತ ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಕೆಲವು ನಾಗರಿಕರಿಗೆ ಮಾತ್ರ ಲಭ್ಯವಿದ್ದು, ಇನ್ನು ಕೆಲವು ಎಲ್ಲ ವ್ಯಕ್ತಿಗಳಿಗೂ ಲಭ್ಯವಿರುತ್ತವೆ. ಈ ವ್ಯತ್ಯಾಸವನ್ನು ಅರಿಯುವುದು ಅತ್ಯಗತ್ಯ.

(ಅ) ಅನುಚ್ಛೇದ 14ರಡಿ ಕಾನೂನಿನ ಮುಂದೆ ಸಮಾನತೆ ಹಾಗೂ ಅನುಚ್ಛೇದ 21ರಡಿ ಜೀವ ಮತ್ತು ದೈಹಿಕ ಸ್ವಾತಂತ್ರ್ಯದ ರಕ್ಷಣೆಯು ಭಾರತದಲ್ಲಿರುವ ಪ್ರತಿಯೊಬ್ಬ ವ್ಯಕ್ತಿಗೂ ಅನ್ವಯಿಸುತ್ತದೆ. ಇಲ್ಲಿ ಪೌರತ್ವವು ಷರತ್ತಾಗಿರುವುದಿಲ್ಲ.

(ಆ) ಅನುಚ್ಛೇದ 15ರಡಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳದ ಆಧಾರದ ತಾರತಮ್ಯದ ನಿಷೇಧ, ಅನುಚ್ಛೇದ 16ರಡಿ ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶ ಮತ್ತು ಅನುಚ್ಛೇದ 19ರಡಿ ದೇಶದ ಯಾವುದೇ ಭಾಗದಲ್ಲಿ ವಾಸಿಸುವ ಹಕ್ಕು ನಾಗರಿಕರಿಗೆ ಮಾತ್ರ ಸೀಮಿತವಾಗಿರುತ್ತವೆ.

ಆದಿವಾಸಿಗಳು ಭಾರತದ ನಾಗರಿಕರಾದುದರಿಂದ ಅವರಿಗೆ ಮೇಲ್ಕಂಡ ಎಲ್ಲ ಹಕ್ಕುಗಳೂ ಇರುತ್ತವೆ. ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ ಅಥವಾ ಅರುಣಾಚಲ ಪ್ರದೇಶದಿಂದ ಬಂದು ಪುಲಿಕೇಶಿನಗರದಲ್ಲಿ ವಾಸಿಸುವವರು ಇಲ್ಲಿನ ಮೂಲ ನಿವಾಸಿಗಳಷ್ಟೇ ಪೂರ್ಣ ನಾಗರಿಕರಾಗಿರುತ್ತಾರೆ. ನಿರಾಶ್ರಿತರಿಗೆ ಮೊದಲನೆಯ ಗುಂಪಿನ ಹಕ್ಕುಗಳು ಲಭ್ಯವಿರುತ್ತವೆ.

ಭಾರತವು 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಡಂಬಡಿಕೆಗಾಗಲೀ ಅದರ 1967ರ ಪೂರಕ ಒಪ್ಪಂದಕ್ಕಾಗಲೀ ಸಹಿ ಹಾಕಿರುವುದಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕವಾದ ಕೇಂದ್ರ ಕಾಯಿದೆಯೂ ಇರುವುದಿಲ್ಲ. ಆದುದರಿಂದ ಅವರ ಪರವಾದ ವಾದಗಳೆಲ್ಲವೂ ಬಹುಮಟ್ಟಿಗೆ "ವ್ಯಕ್ತಿ" ಎಂಬ ಪದವನ್ನೇ ಆಧರಿಸಿರುತ್ತವೆ. ಜನಾಂಗೀಯ ತಾರತಮ್ಯ ನಿರ್ಮೂಲನೆಯ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತವು 1968ರಲ್ಲಿ ಸ್ಥಿರೀಕರಿಸಿದೆ. ಮೂಲನಿವಾಸಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2007ರ ಘೋಷಣೆಯ ಪರವಾಗಿ ಭಾರತವು ಮತ ಚಲಾಯಿಸಿದೆ.

3. ಕರ್ನಾಟಕದ ಆದಿವಾಸಿಗಳು ನಡೆಸಿದ ಕಾನೂನು ಹೋರಾಟಗಳು

ಕರ್ನಾಟಕದ ಪರಿಶಿಷ್ಟ ಪಂಗಡಗಳ ಪೈಕಿ ಜೇನುಕುರುಬ ಹಾಗೂ ಕೊರಗ ಸಮುದಾಯಗಳನ್ನು ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳೆಂದು ಗುರುತಿಸಲಾಗಿದೆ. ಈ ಕೆಳಕಂಡ ನಿದರ್ಶನಗಳು ಗಮನಾರ್ಹವಾಗಿರುತ್ತವೆ.

3.1 ನಾಗರಹೊಳೆ: ನಾಗರಹೊಳೆ ಅರಣ್ಯದ ಮೂರ್ಕಲ್ ಎಂಬಲ್ಲಿ ಖಾಸಗಿ ಹೋಟೆಲ್ ಕಂಪನಿಯೊಂದಕ್ಕೆ ಪ್ರವಾಸಿ ವಸತಿ ನಡೆಸಲು ಭೂಮಿಯನ್ನು ಗುತ್ತಿಗೆಗೆ ನೀಡಿದ್ದನ್ನು ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯು ರಾಜ್ಯ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಅರಣ್ಯ (ಸಂರಕ್ಷಣೆ) ಅಧಿನಿಯಮ, 1980ರಡಿ ಕೇಂದ್ರ ಸರ್ಕಾರದ ಪೂರ್ವಾನುಮೋದನೆ ಪಡೆಯದೆ ನೀಡಲಾದ ಗುತ್ತಿಗೆಯು ಕಾನೂನುಬಾಹಿರವೆಂದು ನ್ಯಾಯಾಲಯವು 1997ರಲ್ಲಿ ತೀರ್ಪಿತ್ತಿತು. ಆದಿವಾಸಿಗಳನ್ನು ಹೊರಗೆ ಕಳುಹಿಸಿದ ಕಾಡಿನೊಳಗೆ ಪ್ರವಾಸಿ ವಸತಿಗೆ ಜಾಗ ಕೊಡುವುದು ಸರಿಯೇ ಎಂಬ ಪ್ರಶ್ನೆಯು ಈ ಪ್ರಕರಣದ ಹಿನ್ನೆಲೆಯಲ್ಲಿತ್ತು.

3.2 ಸ್ಥಳಾಂತರಗೊಂಡ ಕುಟುಂಬಗಳು: ಇದೇ ಅರಣ್ಯದಿಂದ ಹೊರಬಂದ ಕುಟುಂಬಗಳ ಪುನರ್ವಸತಿಯ ಕುರಿತು 1999ರಲ್ಲಿ ಬುಡಕಟ್ಟು ಕೃಷಿಕರ ಸಂಘವು ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸಲ್ಲಿಸಿತು. ನ್ಯಾಯಾಲಯವು ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಅವರ ಅಧ್ಯಕ್ಷತೆಯ ಸಮಿತಿಯು 2014ರಲ್ಲಿ ವರದಿ ನೀಡಿ, 3,418 ಕುಟುಂಬಗಳು ಸ್ಥಳಾಂತರಗೊಂಡಿದ್ದು ಅವರಿಗೆ ಪುನರ್ವಸತಿ ದೊರೆಯಬೇಕೆಂದು ಶಿಫಾರಸು ಮಾಡಿತು. ಎಷ್ಟು ಕುಟುಂಬಗಳು ಎಂಬ ಪ್ರಶ್ನೆಗೆ ನ್ಯಾಯಾಲಯದ ಮುಂದೆ ಒಂದು ಸಂಖ್ಯೆ ದೊರೆಯಲು ಅರ್ಜಿ ಸಲ್ಲಿಕೆಯಾದ ದಿನದಿಂದ ಹದಿನೈದು ವರ್ಷಗಳು ಹಿಡಿದವು ಎಂಬುದನ್ನು ಗಮನಿಸಬೇಕು. 2025ರ ಮೇ ತಿಂಗಳಿನಲ್ಲಿ ಜೇನುಕುರುಬ ಕುಟುಂಬಗಳು, ತಮ್ಮ ಹಕ್ಕುಕೋರಿಕೆಗಳು ದೀರ್ಘಕಾಲದಿಂದ ತೀರ್ಮಾನವಾಗಿಲ್ಲವೆಂದು ಹೇಳಿ, ನಾಗರಹೊಳೆಯ ಕರಡಿಕಲ್ಲು ಹಾಡಿಗೆ ಮರಳಿ ಪ್ರವೇಶಿಸಿದವು.

3.3 ಬಿಳಿಗಿರಿರಂಗನ ಬೆಟ್ಟ: ಚಾಮರಾಜನಗರ ಜಿಲ್ಲೆಯ ಈ ಅರಣ್ಯದಲ್ಲಿ 2011ರ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸೇರಿದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳನ್ನು ನೀಡಲಾಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂತಹ ಹಕ್ಕುಗಳಿಗೆ ಮಾನ್ಯತೆ ದೊರೆತ ಮೊದಲ ನಿದರ್ಶನಗಳಲ್ಲಿ ಇದು ಒಂದಾಗಿರುತ್ತದೆ.

3.4 ಅಜಲು ಪದ್ಧತಿ: ಕರಾವಳಿಯಲ್ಲಿ ಕೊರಗ ಸಮುದಾಯದವರಿಂದ ಸಂಬಳವಿಲ್ಲದೆ ಅಥವಾ ಅವಮಾನಕರ ರೀತಿಯಲ್ಲಿ ಸೇವೆ ಪಡೆಯುವ, ಅವರನ್ನು ಇತರರಿಗಿಂತ ಕೀಳೆಂದು ಭಾವಿಸಿ ನಡೆಸಿಕೊಳ್ಳುವ ರೂಢಿಯನ್ನು ಕರ್ನಾಟಕ ಕೊರಗರ (ಅಜಲು ಪದ್ಧತಿ ನಿಷೇಧ) ಅಧಿನಿಯಮ, 2000ರ ಮೂಲಕ ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಲಾಗಿದೆ. ಸಂಪ್ರದಾಯವೆಂಬ ಹೆಸರು ತಾರತಮ್ಯಕ್ಕೆ ಸಮರ್ಥನೆಯಾಗುವುದಿಲ್ಲ ಎಂಬುದು ಈ ಕಾಯಿದೆಯ ಸಾರ.

4. ಅರಣ್ಯ ಹಕ್ಕು: ದಾಖಲೆಯಿಲ್ಲದವರ ಸಾಕ್ಷ್ಯ

ಪರಿಶಿಷ್ಟ ಪಂಗಡಗಳು ಮತ್ತು ಇತರ ಪಾರಂಪರಿಕ ಅರಣ್ಯವಾಸಿಗಳ (ಅರಣ್ಯ ಹಕ್ಕುಗಳ ಮಾನ್ಯತೆ) ಅಧಿನಿಯಮ, 2006ರ ಪ್ರಕಾರ, 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅರಣ್ಯಭೂಮಿಯಲ್ಲಿ ವಾಸವಿದ್ದು ಅದನ್ನೇ ಜೀವನೋಪಾಯಕ್ಕೆ ಅವಲಂಬಿಸಿರುವ ಪರಿಶಿಷ್ಟ ಪಂಗಡದವರು ಹಕ್ಕು ಕೋರಬಹುದಾಗಿರುತ್ತದೆ. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕಾಗುತ್ತದೆ.

ಈ ಕಾಯಿದೆಯ ನಿಯಮಗಳು ಸಾಕ್ಷ್ಯವನ್ನು ಕಚೇರಿಯ ಕಾಗದಕ್ಕೆ ಸೀಮಿತಗೊಳಿಸಿರುವುದಿಲ್ಲ. ಮನೆ, ಬಾವಿ, ಸಮಾಧಿ, ದೇವರ ನೆಲೆ ಮುಂತಾದ ಸ್ಥಳದ ಕುರುಹುಗಳು ಹಾಗೂ ಹಕ್ಕುದಾರರಲ್ಲದ ಹಿರಿಯರು ನೀಡಿ ಲಿಖಿತಗೊಳಿಸಲಾದ ಹೇಳಿಕೆಗಳು ಸಹ ಸಾಕ್ಷ್ಯವಾಗಿರುತ್ತವೆ. ಅರ್ಜಿಯು ಮೊದಲು ಗ್ರಾಮಸಭೆಗೂ, ಅಲ್ಲಿಂದ ಉಪವಿಭಾಗ ಮಟ್ಟದ ಸಮಿತಿಗೂ, ಅಂತಿಮವಾಗಿ ಜಿಲ್ಲಾ ಮಟ್ಟದ ಸಮಿತಿಗೂ ಹೋಗುತ್ತದೆ. ಗ್ರಾಮಸಭೆಯ ಅಥವಾ ಉಪವಿಭಾಗ ಸಮಿತಿಯ ತೀರ್ಮಾನದಿಂದ ಬಾಧಿತರಾದವರು 60 ದಿನಗಳೊಳಗೆ ಮೇಲಿನ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಮಾನ್ಯತೆ ಮತ್ತು ಪರಿಶೀಲನೆಯ ಪ್ರಕ್ರಿಯೆಯು ಪೂರ್ಣಗೊಳ್ಳುವವರೆಗೆ ಅರಣ್ಯವಾಸಿಗಳನ್ನು ಒಕ್ಕಲೆಬ್ಬಿಸತಕ್ಕದ್ದಲ್ಲ ಎಂದು ಕಲಂ 4(5) ತಿಳಿಸುತ್ತದೆ.

ತಿರಸ್ಕಾರಕ್ಕೆ ಲಿಖಿತ ಕಾರಣವಿರಬೇಕೆಂಬ ನಿಯಮದ ಮಹತ್ವವು 2019ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಹಕ್ಕುಕೋರಿಕೆ ತಿರಸ್ಕೃತರಾದವರನ್ನು ಒಕ್ಕಲೆಬ್ಬಿಸುವಂತೆ ಸರ್ವೋಚ್ಚ ನ್ಯಾಯಾಲಯವು ಆ ವರ್ಷದ ಫೆಬ್ರವರಿ 13ರಂದು ರಾಜ್ಯಗಳಿಗೆ ಸೂಚಿಸಿತ್ತು. ತಿರಸ್ಕಾರವು ಸರಿಯಾದ ವಿಧಾನದಲ್ಲಿ ನಡೆದಿದೆಯೇ ಎಂಬ ಪ್ರಶ್ನೆ ಎದ್ದಾಗ, ಫೆಬ್ರವರಿ 28ರಂದು ಅದೇ ನ್ಯಾಯಾಲಯವು ಸದರಿ ಆದೇಶವನ್ನು ತಡೆಹಿಡಿದು, ತಿರಸ್ಕಾರಕ್ಕೆ ಅನುಸರಿಸಿದ ಕ್ರಮದ ವಿವರವನ್ನು ರಾಜ್ಯಗಳಿಂದ ಕೇಳಿತು.

5. ನಗರದಲ್ಲಿರುವ ಬುಡಕಟ್ಟು ಜನರು

ಆದಿವಾಸಿಯೆಂದರೆ ಕಾಡಿನಲ್ಲಿರುವವರು ಮಾತ್ರವೆಂದು ತಿಳಿಯುವುದು ಸರಿಯಲ್ಲ. 2012ರ ಆಗಸ್ಟ್ ತಿಂಗಳಿನಲ್ಲಿ ಅಸ್ಸಾಮಿನ ಕೊಕ್ರಝಾರ್ ಭಾಗದ ಹಿಂಸೆಯ ಬೆನ್ನಲ್ಲೇ ಹರಡಿದ ವದಂತಿಗಳಿಂದ ಹೆದರಿ, ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಕೆಲವೇ ದಿನಗಳಲ್ಲಿ ವಿಶೇಷ ರೈಲುಗಳಲ್ಲಿ ಬೆಂಗಳೂರನ್ನು ತೊರೆದರು. 2014ರ ಅಕ್ಟೋಬರ್‌ನಲ್ಲಿ ಕೊತ್ತನೂರಿನಲ್ಲಿ ಕನ್ನಡ ಮಾತನಾಡಲಿಲ್ಲವೆಂಬ ನೆಪದಲ್ಲಿ ಮಣಿಪುರದ ಯುವಕರ ಮೇಲೆ ಹಲ್ಲೆ ನಡೆದಾಗ ಪೊಲೀಸರು ಪ್ರಕರಣ ದಾಖಲಿಸಿ ಆರೋಪಿಗಳನ್ನು ಬಂಧಿಸಿದರು. ಅದೇ ವರ್ಷ ಕೇಂದ್ರ ಸರ್ಕಾರವು ರಚಿಸಿದ್ದ ಬೇಜ್‌ಬರುವಾ ಸಮಿತಿಯು ಈಶಾನ್ಯ ರಾಜ್ಯಗಳ ಜನರ ಮೇಲಿನ ಜನಾಂಗೀಯ ನಿಂದನೆಯ ಕುರಿತು ವರದಿ ನೀಡಿತು. 2016ರ ಡಿಸೆಂಬರ್ 14ರಂದು ಕರ್ಮ ದೋರ್ಜಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ದೂರುಗಳ ಮೇಲೆ ನಿಗಾ ಇಡಲು ಸಮಿತಿಯನ್ನು ರಚಿಸುವಂತೆ ನಿರ್ದೇಶಿಸಿತು.

ಪ್ರಸ್ತುತ ಜಾರಿಯಲ್ಲಿರುವ ಮುಖ್ಯ ಉಪಬಂಧಗಳು ಈ ಕೆಳಕಂಡಂತಿವೆ:

(ಅ) 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 196ರಡಿ ಜನಾಂಗ, ಜನ್ಮಸ್ಥಳ, ವಾಸಸ್ಥಳ, ಭಾಷೆ ಮುಂತಾದವುಗಳ ಆಧಾರದಲ್ಲಿ ಗುಂಪುಗಳ ನಡುವೆ ವೈರತ್ವ ಬೆಳೆಸುವುದು ಅಪರಾಧವಾಗಿರುತ್ತದೆ. ಐದು ಅಥವಾ ಹೆಚ್ಚು ಮಂದಿ ಸೇರಿ ಇಂತಹ ಆಧಾರದ ಮೇಲೆ ಕೊಲೆ ಮಾಡುವುದು ಹಾಗೂ ತೀವ್ರ ಗಾಯಗೊಳಿಸುವುದನ್ನು ಪ್ರತ್ಯೇಕ ಅಪರಾಧಗಳೆಂದು ಅದೇ ಸಂಹಿತೆಯಲ್ಲಿ ಹೇಳಲಾಗಿದೆ.

(ಆ) ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಡಿ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಘಟನೆ ನಡೆದ ಸರಹದ್ದು ಯಾವುದೆಂಬುದನ್ನು ಪರಿಗಣಿಸದೆ ಯಾವುದೇ ಪೊಲೀಸ್ ಠಾಣೆಯಲ್ಲಿ ನೀಡಬಹುದು. "ಇದು ನಮ್ಮ ಠಾಣೆಗೆ ಬರುವುದಿಲ್ಲ" ಎಂಬ ಕಾರಣದಿಂದ ದೂರನ್ನು ನಿರಾಕರಿಸುವಂತಿಲ್ಲ. ಮಾಹಿತಿದಾರರಿಗೆ ಪ್ರತಿಯನ್ನು ಉಚಿತವಾಗಿ ನೀಡತಕ್ಕದ್ದು.

(ಇ) ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಅಧಿನಿಯಮ, 1989ರಡಿ, ಪರಿಶಿಷ್ಟ ಪಂಗಡದವರನ್ನು ಅವರ ಭೂಮಿಯಿಂದ ಅಕ್ರಮವಾಗಿ ಹೊರಹಾಕುವುದು ಮತ್ತು ಅವರ ಅರಣ್ಯ ಹಕ್ಕುಗಳ ಅನುಭೋಗಕ್ಕೆ ಅಡ್ಡಿಪಡಿಸುವುದು ಸಹ ದೌರ್ಜನ್ಯವಾಗಿರುತ್ತದೆ. ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯು ತನಿಖೆ ನಡೆಸಬೇಕು. ಬೆಂಗಳೂರು ನಗರದಲ್ಲಿ ಸಹಾಯಕ ಪೊಲೀಸ್ ಆಯುಕ್ತರು ಈ ದರ್ಜೆಯವರಾಗಿರುತ್ತಾರೆ. ಕಲಂ 18ಎ ಪ್ರಕಾರ ಪ್ರಥಮ ವರ್ತಮಾನ ವರದಿ ದಾಖಲಿಸುವ ಮುನ್ನ ಪ್ರಾಥಮಿಕ ವಿಚಾರಣೆಯ ಅಗತ್ಯವಿರುವುದಿಲ್ಲ. ಕರ್ತವ್ಯವನ್ನು ಉದ್ದೇಶಪೂರ್ವಕವಾಗಿ ನಿರ್ಲಕ್ಷಿಸುವ ಸರ್ಕಾರಿ ನೌಕರರಿಗೆ ಕಲಂ 4ರಡಿ ಶಿಕ್ಷೆಯಿದೆ. ಕಲಂ 15ಎ ನೊಂದವರು ಮತ್ತು ಸಾಕ್ಷಿಗಳ ಹಕ್ಕುಗಳನ್ನು ವಿವರಿಸುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸುವುದು ಅವಶ್ಯ. ಪರಿಶಿಷ್ಟ ಪಂಗಡಗಳ ಪಟ್ಟಿಯು ರಾಜ್ಯವಾರು ಇರುತ್ತದೆ. ಒಂದು ರಾಜ್ಯದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು ಮತ್ತೊಂದು ರಾಜ್ಯಕ್ಕೆ ವಲಸೆ ಹೋದಾಗ ಅಲ್ಲಿಯ ಮೀಸಲಾತಿಯನ್ನು ಪಡೆಯಲಾರರೆಂದು ಸರ್ವೋಚ್ಚ ನ್ಯಾಯಾಲಯವು 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ತಿಳಿಸಿದೆ. ಆದರೆ ಮೀಸಲಾತಿ ಬೇರೆ, ದೌರ್ಜನ್ಯದಿಂದ ರಕ್ಷಣೆ ಬೇರೆ. ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆಯು ಮೂಲ ರಾಜ್ಯಕ್ಕೆ ಸೀಮಿತವಲ್ಲ, ದೇಶದ ಯಾವ ಭಾಗದಲ್ಲಿದ್ದರೂ ದೊರೆಯುತ್ತದೆಯೆಂದು ಬಾಂಬೆ ಉಚ್ಚ ನ್ಯಾಯಾಲಯದ ಪೂರ್ಣಪೀಠವು 2023ರ ಸೆಪ್ಟೆಂಬರ್‌ನಲ್ಲಿ ಅಭಿಪ್ರಾಯಪಟ್ಟಿದೆ. ಬೆಂಗಳೂರಿನಲ್ಲಿ ಇಂತಹ ದೂರು ನೀಡುವವರು ತಮ್ಮ ರಾಜ್ಯದ ಜಾತಿ ಪ್ರಮಾಣಪತ್ರದ ಪ್ರತಿಯೊಂದಿಗೆ ಈ ತೀರ್ಪನ್ನು ವಕೀಲರ ಗಮನಕ್ಕೆ ತರುವುದು ಸೂಕ್ತ.

6. ನಿರಾಶ್ರಿತರು: ನ್ಯಾಯಾಲಯಗಳು ಹೇಳಿರುವುದೇನು?

6.1 ಚಕ್ಮಾ ಪ್ರಕರಣ: ಚಕ್ಮಾ ಹಾಗೂ ಹಾಜೋಂಗ್ ಜನರು ಬುಡಕಟ್ಟು ಸಮುದಾಯದವರೂ ಹೌದು, ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರೂ ಹೌದು. ಅರುಣಾಚಲ ಪ್ರದೇಶದಿಂದ ಅವರನ್ನು ಹೊರದೂಡುವ ಬೆದರಿಕೆಗಳು ಬಂದಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ಅರ್ಜಿದಾರನಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 1996ರ ಜನವರಿ 9ರ ತೀರ್ಪಿನಲ್ಲಿ, ನಾಗರಿಕರಾಗಿರಲಿ ಇಲ್ಲದಿರಲಿ, ಪ್ರತಿಯೊಬ್ಬ ಮನುಷ್ಯನ ಜೀವ ಮತ್ತು ಸ್ವಾತಂತ್ರ್ಯವನ್ನು ಕಾಪಾಡಲು ರಾಜ್ಯವು ಬದ್ಧವಾಗಿದೆಯೆಂದು ನ್ಯಾಯಾಲಯವು ಸಾರಿತು. ಅವರ ಪೌರತ್ವದ ಅರ್ಜಿಗಳನ್ನು ಸ್ಥಳೀಯ ಅಧಿಕಾರಿಗಳು ತಮ್ಮಲ್ಲಿಯೇ ಇಟ್ಟುಕೊಳ್ಳದೆ ಕೇಂದ್ರ ಸರ್ಕಾರಕ್ಕೆ ಕಳುಹಿಸಬೇಕೆಂದೂ ಆದೇಶಿಸಿತು. ಆದರೂ ಪೌರತ್ವ ನೀಡಿಕೆಯನ್ನು ಪೂರ್ಣಗೊಳಿಸುವಂತೆ 2015ರ ಸೆಪ್ಟೆಂಬರ್ 17ರಂದು ಅದೇ ನ್ಯಾಯಾಲಯವು ಮತ್ತೊಮ್ಮೆ ನಿರ್ದೇಶನ ನೀಡಬೇಕಾಯಿತು.

6.2 ಕರ್ನಾಟಕದ ಟಿಬೆಟನ್ನರು: ಬೈಲಕುಪ್ಪೆ, ಮುಂಡಗೋಡ, ಹುಣಸೂರು ತಾಲ್ಲೂಕಿನ ಗುರುಪುರ ಹಾಗೂ ಕೊಳ್ಳೇಗಾಲ ಭಾಗದ ಒಡೆಯರಪಾಳ್ಯಗಳಲ್ಲಿ 1960 ಮತ್ತು 1970ರ ದಶಕಗಳಲ್ಲಿ ಟಿಬೆಟನ್ ನೆಲೆಗಳು ಸ್ಥಾಪನೆಗೊಂಡವು. ಈ ನೆಲೆಗಳಲ್ಲಿ ಜನಿಸಿದವರೂ ನೋಂದಣಿ ಪ್ರಮಾಣಪತ್ರ ಪಡೆದು ವಿದೇಶೀಯರಂತೆಯೇ ಬಾಳುತ್ತಿದ್ದರು. ಪೌರತ್ವ ಅಧಿನಿಯಮ, 1955ರ ಕಲಂ 3ರ ಪ್ರಕಾರ 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಭಾರತದಲ್ಲಿ ಜನಿಸಿದವರು ಜನ್ಮತಃ ಭಾರತೀಯ ನಾಗರಿಕರಾಗಿರುತ್ತಾರೆ. ಈ ಉಪಬಂಧವು ಟಿಬೆಟನ್ನರಿಗೂ ಅನ್ವಯಿಸುತ್ತದೆಯೆಂದು ದೆಹಲಿ ಉಚ್ಚ ನ್ಯಾಯಾಲಯವು 2010ರ ಡಿಸೆಂಬರ್ 22ರಂದು ತೀರ್ಪಿತ್ತಿತು.

ಭಾರತದಲ್ಲಿ ಜನಿಸಿದ ಬೌದ್ಧ ಗುರು ತೆನ್‌ಜಿನ್ ಚೋಫಾಗ್ ಲಿಂಗ್ ರಿನ್‌ಪೋಚೆ ಅವರ ಪಾಸ್‌ಪೋರ್ಟ್ ಅರ್ಜಿಗೆ ಸಂಬಂಧಿಸಿದ ರಿಟ್ ಅರ್ಜಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2013ರ ಆಗಸ್ಟ್ 7ರಂದು ಇದೇ ನಿಲುವನ್ನು ತಳೆಯಿತು. ಇದನ್ನು ಅನುಸರಿಸಿ, ಸದರಿ ಅವಧಿಯಲ್ಲಿ ಜನಿಸಿದ ಟಿಬೆಟನ್ನರ ಹೆಸರುಗಳನ್ನು ಮತದಾರರ ಪಟ್ಟಿಗೆ ಸೇರಿಸುವಂತೆ ಚುನಾವಣಾ ಆಯೋಗವು 2014ರ ಫೆಬ್ರವರಿಯಲ್ಲಿ ಸೂಚಿಸಿತು. ಒಬ್ಬ ಅರ್ಜಿದಾರರ ಪ್ರಕರಣದಿಂದ ಒಂದು ಪೀಳಿಗೆಯ ಸ್ಥಾನಮಾನವೇ ಬದಲಾಗಬಹುದೆಂಬುದಕ್ಕೆ ಇದು ನಿದರ್ಶನ. ಆದರೆ 2017ರಲ್ಲಿ, ಪಾಸ್‌ಪೋರ್ಟ್ ಕೋರುವವರು ನೋಂದಣಿ ಪ್ರಮಾಣಪತ್ರವನ್ನು ಹಿಂದಿರುಗಿಸಬೇಕು, ಟಿಬೆಟನ್ ನೆಲೆಗಳಲ್ಲಿ ವಾಸಿಸುತ್ತಿರಬಾರದು ಎಂಬಂತಹ ಷರತ್ತುಗಳನ್ನು ವಿಧಿಸಲಾಯಿತು. ಆದುದರಿಂದ ಅರ್ಜಿ ಸಲ್ಲಿಸುವ ಮುನ್ನ ಅದರ ಪರಿಣಾಮಗಳನ್ನು ವಕೀಲರಿಂದ ತಿಳಿದುಕೊಳ್ಳುವುದು ಒಳಿತು.

1987ರ ಜುಲೈ 1ರ ನಂತರ ಜನಿಸಿದವರಿಗೆ ಪೋಷಕರಲ್ಲಿ ಒಬ್ಬರು ನಾಗರಿಕರಾಗಿರುವುದು ಅವಶ್ಯ. 2004ರ ಡಿಸೆಂಬರ್ 3ರಿಂದ ಈಚೆಗೆ ಜನಿಸಿದವರಿಗೆ ಇಬ್ಬರೂ ಪೋಷಕರು ನಾಗರಿಕರಾಗಿರಬೇಕು, ಅಥವಾ ಒಬ್ಬರು ನಾಗರಿಕರಾಗಿದ್ದು ಮತ್ತೊಬ್ಬರು ಅಕ್ರಮ ವಲಸಿಗರಾಗಿರಬಾರದು.

6.3 ಮಿತಿಗಳು: "ವ್ಯಕ್ತಿ" ಎಂಬ ಪದದ ರಕ್ಷಣೆಗೂ ಒಂದು ಎಲ್ಲೆಯಿದೆ. ಜಮ್ಮುವಿನ ರೋಹಿಂಗ್ಯಾ ನಿರಾಶ್ರಿತರಿಗೆ ಸಂಬಂಧಿಸಿದ ಮೊಹಮ್ಮದ್ ಸಲೀಮುಲ್ಲಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಏಪ್ರಿಲ್ 8ರಂದು, ಅನುಚ್ಛೇದ 14 ಮತ್ತು 21 ಎಲ್ಲರಿಗೂ ಅನ್ವಯಿಸುವುದಾದರೂ ಗಡೀಪಾರಾಗದಿರುವ ಹಕ್ಕು ನಾಗರಿಕರ ವಾಸದ ಹಕ್ಕಿಗೆ ಹೊಂದಿಕೊಂಡಿರುತ್ತದೆಯೆಂದು ಹೇಳಿತು. ಆದರೂ ನಿಗದಿತ ವಿಧಾನವನ್ನು ಅನುಸರಿಸದೆ ಅವರನ್ನು ಗಡೀಪಾರು ಮಾಡತಕ್ಕದ್ದಲ್ಲವೆಂದು ತಿಳಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2020ರ ಮೇ 19ರ ಆದೇಶದಲ್ಲಿ ಅಕ್ರಮ ವಲಸೆಯ ಆರೋಪಕ್ಕೆ ಒಳಗಾದ ವಿದೇಶೀಯರ ಜಾಮೀನು, ಬಂಧನ ಕೇಂದ್ರದ ವಾಸ ಮತ್ತು ಸ್ವದೇಶಕ್ಕೆ ಕಳುಹಿಸುವ ಕ್ರಮದ ಬಗ್ಗೆ ಮಾರ್ಗಸೂಚಿಗಳನ್ನು ನೀಡಿದೆ.

ವಿದೇಶೀಯರ ಕಾಯಿದೆ, 1946ರ ಬದಲಿಗೆ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶೀಯರ ಅಧಿನಿಯಮ, 2025 ಜಾರಿಯಲ್ಲಿದೆ. ಇದರಡಿಯ ವಿನಾಯಿತಿ ಆದೇಶದಲ್ಲಿ, 2015ರ ಜನವರಿ 9ರವರೆಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರು ಹಾಗೂ ನಿಗದಿತ ಷರತ್ತುಗಳಿಗೆ ಒಳಪಟ್ಟು ನೋಂದಾಯಿತ ಟಿಬೆಟನ್ನರು ಸೇರಿದ್ದಾರೆ. ಹಳೆಯ ಕಾಯಿದೆಯ ಹೆಸರಿನಲ್ಲಿ ಬಂದ ಸೂಚನಾಪತ್ರಗಳಿದ್ದಲ್ಲಿ ಹೊಸ ಕಾಯಿದೆಯಡಿ ಅವುಗಳ ಸ್ಥಿತಿಯನ್ನು ವಕೀಲರಿಂದ ಪರಿಶೀಲಿಸಿಕೊಳ್ಳತಕ್ಕದ್ದು.

7. ದೈನಂದಿನ ಸಂದರ್ಭಗಳು

ಶಾಲೆ: ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ಆರರಿಂದ ಹದಿನಾಲ್ಕು ವರ್ಷದ "ಪ್ರತಿಯೊಂದು ಮಗು"ವಿನ ಬಗ್ಗೆ ಹೇಳುತ್ತದೆ. ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣದಿಂದ ಪ್ರವೇಶ ನಿರಾಕರಿಸುವಂತಿಲ್ಲವೆಂದು ಕಲಂ 14 ತಿಳಿಸುತ್ತದೆ. ರೋಹಿಂಗ್ಯಾ ಮಕ್ಕಳು ಮೊದಲು ಶಾಲೆಗಳನ್ನು ಸಂಪರ್ಕಿಸಬೇಕು, ಪ್ರವೇಶ ದೊರೆಯದಿದ್ದಲ್ಲಿ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು ಎಂದು ಸರ್ವೋಚ್ಚ ನ್ಯಾಯಾಲಯವು 2025ರ ಫೆಬ್ರವರಿಯಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ತಿಳಿಸಿದೆ.

ಜನನ ನೋಂದಣಿ: ಜನನ ಮರಣ ನೋಂದಣಿ ಅಧಿನಿಯಮ, 1969ರಡಿ ಭಾರತದಲ್ಲಿ ಆಗುವ ಪ್ರತಿಯೊಂದು ಜನನವನ್ನೂ ಪೋಷಕರ ರಾಷ್ಟ್ರೀಯತೆಯನ್ನು ಪರಿಗಣಿಸದೆ ನೋಂದಾಯಿಸಬೇಕು. ಜನನ ಪ್ರಮಾಣಪತ್ರದಿಂದ ಮಾತ್ರವೇ ಪೌರತ್ವ ದೊರೆಯುವುದಿಲ್ಲ. ಆದರೆ ಮುಂದೆ ಯಾವುದೇ ಹಕ್ಕನ್ನು ಕೋರುವಾಗ ಹುಟ್ಟಿದ ದಿನ ಮತ್ತು ಸ್ಥಳವನ್ನು ತೋರಿಸುವ ಮೊದಲ ದಾಖಲೆ ಅದೇ ಆಗಿರುತ್ತದೆ. ಟಿಬೆಟನ್ನರ ಪ್ರಕರಣಗಳು ನಿರ್ಧಾರವಾದದ್ದು ಹುಟ್ಟಿದ ದಿನಾಂಕದ ಮೇಲೆಯೇ ಎಂಬುದನ್ನು ಪೋಷಕರು ನೆನಪಿಡಬೇಕು.

ಬಾಡಿಗೆ ಮನೆ: ವಿದೇಶೀಯರಿಗೆ ವಸತಿ ನೀಡುವ ಮಾಲೀಕರು ವಿದೇಶೀಯರ ಪ್ರಾದೇಶಿಕ ನೋಂದಣಿ ಕಚೇರಿಗೆ ನಿಗದಿತ ಅವಧಿಯೊಳಗೆ ಮಾಹಿತಿ ನೀಡಬೇಕು. ಈಶಾನ್ಯ ರಾಜ್ಯಗಳ ಬಾಡಿಗೆದಾರರು ಭಾರತೀಯರಾದುದರಿಂದ ಅವರಿಗೆ ಈ ನಿಯಮವು ಅನ್ವಯಿಸುವುದಿಲ್ಲ. ಮುಖಚಹರೆಯನ್ನು ನೋಡಿ ಅವರಿಂದ ವಿದೇಶೀಯರ ದಾಖಲೆ ಕೇಳುವುದು ತಪ್ಪಾಗುತ್ತದೆ.

ಜಾತಿ ಪ್ರಮಾಣಪತ್ರ: ಕರ್ನಾಟಕದ ಪರಿಶಿಷ್ಟ ಪಂಗಡದವರು ತಹಸೀಲ್ದಾರರಿಗೆ ಅರ್ಜಿ ಸಲ್ಲಿಸಬೇಕು. ನಿರಾಕರಿಸಿದಲ್ಲಿ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿರುತ್ತದೆ.

8. ಪರಿಹಾರ ಪಡೆಯುವ ಕ್ರಮ

(1) ಲಿಖಿತ ಅರ್ಜಿ ಮತ್ತು ಸ್ವೀಕೃತಿ: ಯಾವುದೇ ಕೋರಿಕೆಯನ್ನು ಬರವಣಿಗೆಯಲ್ಲಿ ಸಲ್ಲಿಸಿ, ದಿನಾಂಕ ಮತ್ತು ಮೊಹರು ಇರುವ ಸ್ವೀಕೃತಿ ಪಡೆಯತಕ್ಕದ್ದು. ಸಕಾಲ ಯೋಜನೆಗೆ ಒಳಪಡುವ ಸೇವೆಗಳಲ್ಲಿ ಅರ್ಜಿಗೆ ಸಂಖ್ಯೆ ನೀಡಲಾಗುತ್ತದೆ. ತಿರಸ್ಕರಿಸಿದಲ್ಲಿ ಕಾರಣವನ್ನು ಬರವಣಿಗೆಯಲ್ಲಿ ಕೋರಬೇಕು. ಬಾಯಿಮಾತಿನ ನಿರಾಕರಣೆಯ ವಿರುದ್ಧ ಮೇಲ್ಮನವಿ ಸಲ್ಲಿಸುವುದು ಕಷ್ಟ. ಲಿಖಿತ ನಿರಾಕರಣೆಯು ಸ್ವತಃ ಒಂದು ಸಾಕ್ಷ್ಯವಾಗಿರುತ್ತದೆ. ಒಂದೇ ಬಗೆಯ ಹತ್ತು ನಿರಾಕರಣ ಪತ್ರಗಳು ಒಟ್ಟುಗೂಡಿದಾಗ, ಒಬ್ಬರ ದೂರಾಗಿದ್ದದ್ದು ಇಡೀ ಸಮುದಾಯದ ಪ್ರಕರಣವಾಗುತ್ತದೆ.

(2) ಉಚಿತ ಕಾನೂನು ನೆರವು: ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರಡಿ ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು, ಮಕ್ಕಳು, ಮಾನವ ಸಾಗಣೆಗೆ ಬಲಿಯಾದವರು, ಅಭಿರಕ್ಷೆಯಲ್ಲಿರುವವರು ಹಾಗೂ ಸಾಮೂಹಿಕ ದುರಂತ, ಜನಾಂಗೀಯ ಹಿಂಸೆ ಮುಂತಾದವುಗಳಿಂದ ಸಂಕಷ್ಟಕ್ಕೊಳಗಾದವರು ಆದಾಯವನ್ನು ಪರಿಗಣಿಸದೆ ಉಚಿತ ನೆರವಿಗೆ ಅರ್ಹರಿರುತ್ತಾರೆ. ಈ ಕಲಂ ಸಹ "ಪ್ರತಿಯೊಬ್ಬ ವ್ಯಕ್ತಿ" ಎಂದು ಹೇಳುತ್ತದೆಯೇ ಹೊರತು ಪ್ರತಿಯೊಬ್ಬ ನಾಗರಿಕ ಎಂದು ಹೇಳುವುದಿಲ್ಲ. ನಿರಾಶ್ರಿತ ಮಹಿಳೆಯರು ಮತ್ತು ಮಕ್ಕಳು ಇದನ್ನು ಉಪಯೋಗಿಸಿಕೊಳ್ಳಬಹುದು. ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವನ್ನು, ಜಿಲ್ಲಾ ಪ್ರಾಧಿಕಾರವನ್ನು ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸಬಹುದು. ಬುಡಕಟ್ಟು ಜನರ ಹಕ್ಕುಗಳಿಗಾಗಿಯೇ ರಾಷ್ಟ್ರೀಯ ಪ್ರಾಧಿಕಾರವು 2015ರಲ್ಲಿ ಪ್ರತ್ಯೇಕ ಯೋಜನೆಯನ್ನು ರೂಪಿಸಿದೆ.

(3) ಆಯೋಗಗಳು: ಮಾನವ ಹಕ್ಕುಗಳ ಉಲ್ಲಂಘನೆಯ ದೂರನ್ನು ಘಟನೆ ನಡೆದ ಒಂದು ವರ್ಷದೊಳಗೆ ರಾಜ್ಯ ಅಥವಾ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಸಲ್ಲಿಸಬೇಕು. ಪರಿಶಿಷ್ಟ ಪಂಗಡದವರು ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗಕ್ಕೂ ದೂರು ನೀಡಬಹುದು.

(4) ನ್ಯಾಯಾಲಯ: ಸಂವಿಧಾನದ ಅನುಚ್ಛೇದ 226ರಡಿ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಸಲ್ಲಿಸಬಹುದು. ನೊಂದವರು ಬಡತನದಿಂದ ಅಥವಾ ಅಶಕ್ತತೆಯಿಂದ ನ್ಯಾಯಾಲಯಕ್ಕೆ ಬರಲಾಗದಿದ್ದಲ್ಲಿ ಅವರ ಪರವಾಗಿ ಸದುದ್ದೇಶವುಳ್ಳ ಇತರರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಲು ಅವಕಾಶವಿದೆ.

9. ಉಪಸಂಹಾರ

ಮೇಲ್ಕಂಡ ಪ್ರಕರಣಗಳಲ್ಲಿ ನ್ಯಾಯವು ಶೀಘ್ರವಾಗಿ ದೊರೆತಿರುವುದಿಲ್ಲ. ಚಕ್ಮಾ ಜನರು ಒಂದು ತೀರ್ಪಿನಿಂದ ಮತ್ತೊಂದು ನಿರ್ದೇಶನದವರೆಗೆ ಹತ್ತೊಂಬತ್ತು ವರ್ಷ ಕಾದರು. ನಾಗರಹೊಳೆಯ ಹಾಡಿಗಳ ಪ್ರಶ್ನೆಯು ಇನ್ನೂ ಮುಗಿದಿಲ್ಲ. ಆದರೂ ಎಲ್ಲ ಪ್ರಕರಣಗಳೂ ಯಾರೋ ಒಬ್ಬರು ನಿರಾಕರಣೆಯನ್ನು ಮೌನವಾಗಿ ಒಪ್ಪಿಕೊಳ್ಳದೆ ಅದನ್ನು ದಾಖಲೆಗೆ ತಂದ ದಿನದಿಂದಲೇ ಆರಂಭವಾಗಿರುತ್ತವೆ. ಕಾಗದವಿಲ್ಲದವರಿಗೆ ಮೊದಲ ಕಾಗದವನ್ನು ಒದಗಿಸುವುದು, ಅಂದರೆ ಅವರ ಅರ್ಜಿಯನ್ನು ಬರೆದುಕೊಡುವುದು, ಸ್ವೀಕೃತಿ ಪಡೆಯಲು ಜೊತೆಗೆ ಹೋಗುವುದು, ಮೇಲ್ಮನವಿಯ ಕೊನೆಯ ದಿನಾಂಕವನ್ನು ತಿಳಿಸುವುದು, ಕಾನೂನು ಬಲ್ಲ ನೆರೆಹೊರೆಯವರು ಮಾಡಬಹುದಾದ ಸಹಾಯವಾಗಿರುತ್ತದೆ. ಪುಲಿಕೇಶಿನಗರ ಹಾಗೂ ಸುತ್ತಲಿನ ಬಡಾವಣೆಗಳ ನಿವಾಸಿ ಸಂಘಗಳು, ಶಿಕ್ಷಣ ಸಂಸ್ಥೆಗಳು ಮತ್ತು ಮನೆ ಮಾಲೀಕರು ಈ ಮಾಹಿತಿಯನ್ನು ಅವಶ್ಯವುಳ್ಳವರಿಗೆ ತಲುಪಿಸಬೇಕಾಗಿ ಕೋರಲಾಗಿದೆ.

ಈ ಲೇಖನವು ಸಾಮಾನ್ಯ ಮಾಹಿತಿಗಾಗಿ ಮಾತ್ರ ಇದ್ದು, ನಿರ್ದಿಷ್ಟ ಪ್ರಕರಣಗಳಲ್ಲಿ ವಕೀಲರ ಅಥವಾ ಕಾನೂನು ಸೇವೆಗಳ ಪ್ರಾಧಿಕಾರದ ಸಲಹೆಯನ್ನು ಪಡೆಯತಕ್ಕದ್ದು.